ಮನೆಯ ಕಣ್ಗಾವಲು ಕ್ಯಾಮೆರಾಗಳ ಅಂತರಜಾಲ ದೂರವೀಕ್ಷಣೆ: ದೋಷಗಳ ಪತ್ತೆ ಮತ್ತು ನಿವಾರಣೆ

(ಹೆಗ್ಗದ್ದೆ ಹಾಗೂ ಸಕಲೇಶಪುರ, ಆಲೂರು ತಾಲ್ಲೂಕುಗಳ ಗುಡ್ಡಗಾಡು ಗ್ರಾಮಗಳ ನಿವಾಸಿಗಳ ಮಾಹಿತಿಗಾಗಿ)

1. ಪೀಠಿಕೆ

ಹಾಸನ ಜಿಲ್ಲೆ ಸಕಲೇಶಪುರ ತಾಲ್ಲೂಕಿನ ಹೆಗ್ಗದ್ದೆ ಮತ್ತು ಅದರ ಸುತ್ತಲಿನ ಗ್ರಾಮಗಳಲ್ಲಿ ಹೆಚ್ಚಿನ ಮನೆಗಳು ಕಾಫಿ ತೋಟಗಳ ನಡುವೆ ಒಂದಕ್ಕೊಂದು ದೂರದಲ್ಲಿವೆ. ಉದ್ಯೋಗ ಹಾಗೂ ವಿದ್ಯಾಭ್ಯಾಸದ ನಿಮಿತ್ತ ಮಕ್ಕಳು ಬೆಂಗಳೂರು, ಮೈಸೂರು ಅಥವಾ ಹೊರದೇಶಗಳಲ್ಲಿ ನೆಲೆಸಿದ್ದು, ಹಲವು ಮನೆಗಳಲ್ಲಿ ವೃದ್ಧ ತಂದೆ ತಾಯಿಯರು ಮಾತ್ರ ವಾಸವಾಗಿರುತ್ತಾರೆ. ನವೆಂಬರ್‌ನಿಂದ ಜನವರಿಯವರೆಗೆ ಅರೇಬಿಕಾ, ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ ಕೊಯ್ಲು ನಡೆಯುವ ಅವಧಿಯಲ್ಲಿ ವರ್ಷದ ಫಸಲು ಮನೆಯ ಮುಂದಿನ ಕಣದಲ್ಲಿ ಒಣಗುತ್ತಿರುತ್ತದೆ. ಈ ಕಾರಣಗಳಿಂದ ಮನೆ, ಕಣ ಮತ್ತು ಗೋದಾಮುಗಳಿಗೆ ಕಣ್ಗಾವಲು ಕ್ಯಾಮೆರಾ ಅಳವಡಿಸಿ, ಅದರ ದೃಶ್ಯವನ್ನು ಅಂತರಜಾಲದ ಮೂಲಕ ದೂರದ ಊರಿನಿಂದ ಮೊಬೈಲ್‌ನಲ್ಲಿ ವೀಕ್ಷಿಸುವ ವ್ಯವಸ್ಥೆಯು ಬಳಕೆಗೆ ಬಂದಿದೆ.

ಆದರೆ ದೃಶ್ಯವು ಅತ್ಯಗತ್ಯವಾದ ಸಮಯದಲ್ಲಿಯೇ, ಅಂದರೆ ಮಳೆಗಾಲದ ರಾತ್ರಿಗಳಲ್ಲಿ, ಸಂಪರ್ಕ ಕಡಿದುಹೋಗುವುದು ಸಾಮಾನ್ಯ. 2024ರ ಜುಲೈ ತಿಂಗಳಲ್ಲಿ ದೊಡ್ಡತಪ್ಪಲು ಬಳಿ ರಾಷ್ಟ್ರೀಯ ಹೆದ್ದಾರಿ 75ರ ಮೇಲೆ ಗುಡ್ಡ ಕುಸಿದು ಸಂಚಾರ ಸ್ಥಗಿತಗೊಂಡಂತಹ ಸಂದರ್ಭಗಳಲ್ಲಿ ದೂರದಲ್ಲಿರುವವರು ಕೂಡಲೇ ಮನೆ ತಲುಪುವುದೂ ಸಾಧ್ಯವಾಗುವುದಿಲ್ಲ. ಆದುದರಿಂದ ದೋಷವು ಎಲ್ಲಿದೆ ಎಂಬುದನ್ನು ದೂರವಾಣಿಯ ಮೂಲಕವೇ ಮನೆಯವರ ನೆರವಿನಿಂದ ಕಂಡುಕೊಳ್ಳುವ ಕ್ರಮವನ್ನು ತಿಳಿದಿರುವುದು ಅಗತ್ಯ.

ಈ ವಿಷಯದಲ್ಲಿ ಎರಡು ಅಂಶಗಳನ್ನು ಸದಾ ಗಮನದಲ್ಲಿಡತಕ್ಕದ್ದು. ಮೊದಲನೆಯದು, ದೋಷದ ಸ್ಥಾನ ತಿಳಿಯುವ ಮೊದಲು ಯಾವ ಉಪಕರಣವನ್ನೂ ಬದಲಾಯಿಸಬಾರದು. ಎರಡನೆಯದು, ದೃಶ್ಯ ಕಾಣಬೇಕೆಂಬ ಆತುರದಲ್ಲಿ ಮನೆಯ ಕ್ಯಾಮೆರಾವನ್ನು ಜಗತ್ತಿಗೆಲ್ಲ ತೆರೆದಿಡುವಂತಹ ಪರಿಹಾರಕ್ಕೆ ಮೊರೆಹೋಗಬಾರದು.

2. ದೃಶ್ಯವು ಸಾಗುವ ಹಾದಿ

ಮನೆಯ ಕ್ಯಾಮೆರಾದ ದೃಶ್ಯವು ವೀಕ್ಷಕರ ಮೊಬೈಲ್ ತಲುಪುವ ಮುನ್ನ ಈ ಕೆಳಕಂಡ ಐದು ಹಂತಗಳನ್ನು ದಾಟುತ್ತದೆ.

ಅ) ಕ್ಯಾಮೆರಾ ಮತ್ತು ಅದರ ವಿದ್ಯುತ್ ಪೂರೈಕೆ.
ಆ) ಡಿವಿಆರ್ ಅಥವಾ ಎನ್‌ವಿಆರ್ ಎಂದು ಕರೆಯಲಾಗುವ ದಾಖಲೆ ಪೆಟ್ಟಿಗೆ. ವೈಫೈ ಕ್ಯಾಮೆರಾಗಳಲ್ಲಿ ಈ ಪೆಟ್ಟಿಗೆಯ ಬದಲು ಕ್ಯಾಮೆರಾದೊಳಗೇ ಮೆಮೊರಿ ಕಾರ್ಡ್ ಇರುತ್ತದೆ.
ಇ) ಮನೆಯ ರೂಟರ್.
ಈ) ಅಂತರಜಾಲ ಸಂಪರ್ಕ, ಅಂದರೆ ಫೈಬರ್ ತಂತಿ ಅಥವಾ ಸಿಮ್ ಆಧಾರಿತ 4ಜಿ, 5ಜಿ ಸೇವೆ.
ಉ) ತಯಾರಕರ ಸರ್ವರ್, ವೀಕ್ಷಕರ ಮೊಬೈಲ್ ಆ್ಯಪ್ ಮತ್ತು ವೀಕ್ಷಕರ ಅಂತರಜಾಲ ಸಂಪರ್ಕ.

ಈ ಐದರಲ್ಲಿ ಯಾವುದೊಂದು ಕೆಟ್ಟರೂ ಮೊಬೈಲ್ ಪರದೆಯ ಮೇಲೆ ಕಾಣುವುದು ಬಹುತೇಕ ಒಂದೇ ಸಂದೇಶ: ‘ಆಫ್‌ಲೈನ್’ ಅಥವಾ ‘ಸಂಪರ್ಕ ವಿಫಲ’. ಈ ಸಂದೇಶವು ಕಳ್ಳತನದ ಸೂಚನೆಯಲ್ಲ. ಕ್ಯಾಮೆರಾ ಕೆಟ್ಟಿದೆ ಎಂಬುದಕ್ಕೂ ಆಧಾರವಲ್ಲ.

3. ಪ್ರಥಮ ಪರೀಕ್ಷೆ

ಸಂಪರ್ಕ ತಪ್ಪಿದಾಗ ಮನೆಯಲ್ಲಿರುವವರಿಗೆ ಅಥವಾ ತೋಟದ ರೈಟರ್‌ಗೆ ದೂರವಾಣಿ ಕರೆ ಮಾಡಿ, ಕೆಳಕಂಡ ಪ್ರಶ್ನೆಗಳನ್ನು ಇದೇ ಅನುಕ್ರಮದಲ್ಲಿ ಕೇಳತಕ್ಕದ್ದು. ಇದಕ್ಕೆ ಯಾವುದೇ ತಾಂತ್ರಿಕ ಪರಿಣತಿ ಬೇಕಿಲ್ಲ.

(1) ಮನೆಯಲ್ಲಿ ವಿದ್ಯುತ್ ಇದೆಯೇ? ಇಲ್ಲದಿದ್ದಲ್ಲಿ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ, ಕ್ರಮಾಂಕ 4ನ್ನು ನೋಡುವುದು.

(2) ರೂಟರ್‌ನ ದೀಪಗಳು ಉರಿಯುತ್ತಿವೆಯೇ? ಫೈಬರ್ ಸಂಪರ್ಕವಿದ್ದಲ್ಲಿ ‘ಎಲ್‌ಓಎಸ್’ ಎಂಬ ದೀಪವು ಕೆಂಪಾಗಿ ಉರಿಯುತ್ತಿದ್ದರೆ ಬೆಳಕಿನ ಸಂಕೇತ ಮನೆಗೆ ಬರುತ್ತಿಲ್ಲವೆಂದು ಅರ್ಥ. ಹೊರಗಿನ ತಂತಿ ಕಡಿದಿರುವುದು ಇದಕ್ಕೆ ಸಾಮಾನ್ಯ ಕಾರಣ. ಇದನ್ನು ಸೇವಾದಾತರೇ ಸರಿಪಡಿಸಬೇಕು.

(3) ಮನೆಯಲ್ಲಿರುವವರ ಮೊಬೈಲ್‌ನಲ್ಲಿ ಡೇಟಾ ನಿಲ್ಲಿಸಿ, ವೈಫೈ ಮೂಲಕ ಯಾವುದಾದರೂ ಜಾಲತಾಣ ತೆರೆಯುತ್ತದೆಯೇ? ತೆರೆಯದಿದ್ದಲ್ಲಿ ದೋಷವು ಅಂತರಜಾಲದ್ದು, ಕ್ಯಾಮೆರಾದ್ದಲ್ಲ.

(4) ದಾಖಲೆ ಪೆಟ್ಟಿಗೆಗೆ ಜೋಡಿಸಿದ ಟಿವಿ ಅಥವಾ ಮಾನಿಟರ್‌ನಲ್ಲಿ ದೃಶ್ಯ ಕಾಣುತ್ತಿದೆಯೇ? ಕಾಣುತ್ತಿದ್ದು, ಅಂತರಜಾಲವೂ ಇದ್ದು, ದೂರದಿಂದ ಮಾತ್ರ ಕಾಣದಿದ್ದಲ್ಲಿ ದೋಷವು ಪೆಟ್ಟಿಗೆಯ ಜಾಲ ಹೊಂದಾಣಿಕೆಯಲ್ಲಿ, ತಯಾರಕರ ಸರ್ವರ್‌ನಲ್ಲಿ ಅಥವಾ ವೀಕ್ಷಕರ ಆ್ಯಪ್‌ನಲ್ಲಿ ಇರುತ್ತದೆ.

(5) ಎಲ್ಲ ಕ್ಯಾಮೆರಾಗಳೂ ಕಾಣುತ್ತಿಲ್ಲವೇ, ಒಂದು ಮಾತ್ರವೇ? ಒಂದು ಮಾತ್ರವಾದಲ್ಲಿ ದೋಷವು ಆ ಕ್ಯಾಮೆರಾ ಅಥವಾ ಅದರ ತಂತಿಯದು. ಎಲ್ಲವೂ ಆಗಿದ್ದಲ್ಲಿ ಪೆಟ್ಟಿಗೆ, ರೂಟರ್ ಅಥವಾ ಸಂಪರ್ಕದ್ದು.

ಇವುಗಳ ನಂತರವೂ ಕಾರಣ ತಿಳಿಯದಿದ್ದಲ್ಲಿ ಮೊದಲು ರೂಟರನ್ನು, ಐದು ನಿಮಿಷಗಳ ನಂತರ ದಾಖಲೆ ಪೆಟ್ಟಿಗೆಯನ್ನು ಒಮ್ಮೆ ಆರಿಸಿ ಮತ್ತೆ ಚಾಲನೆಗೊಳಿಸಬಹುದು. ಪೆಟ್ಟಿಗೆಯನ್ನು ಅದರ ಪರದೆಯ ಮೇಲಿನ ಸೂಚನೆಯ ಮೂಲಕವೇ ಆರಿಸುವುದು ಸೂಕ್ತ. ಬರೆಯುತ್ತಿರುವಾಗ ವಿದ್ಯುತ್ ಕಿತ್ತರೆ ಹಾರ್ಡ್ ಡಿಸ್ಕ್‌ಗೆ ಹಾನಿಯಾಗುವ ಸಂಭವವಿದೆ. ರೂಟರ್ ಅಥವಾ ಪೆಟ್ಟಿಗೆಯ ಹಿಂಭಾಗದ ಸಣ್ಣ ರಂಧ್ರದೊಳಗಿನ ‘ರೀಸೆಟ್’ ಗುಂಡಿಯನ್ನು ಯಾವ ಕಾರಣಕ್ಕೂ ಒತ್ತಬಾರದು. ಅದು ಎಲ್ಲ ಹೊಂದಾಣಿಕೆಗಳನ್ನೂ ಅಳಿಸಿಹಾಕುತ್ತದೆ.

4. ವಿದ್ಯುತ್ ಮತ್ತು ಸಿಡಿಲಿನಿಂದ ಉಂಟಾಗುವ ದೋಷಗಳು

ಗುಡ್ಡಗಾಡು ಪ್ರದೇಶದಲ್ಲಿ ದೂರವೀಕ್ಷಣೆ ನಿಲ್ಲಲು ಪ್ರಮುಖ ಕಾರಣಗಳಲ್ಲೊಂದು ವಿದ್ಯುತ್ ವ್ಯತ್ಯಯ. ಮರದ ಕೊಂಬೆ ಬಿದ್ದು ತಂತಿ ತುಂಡಾದಲ್ಲಿ ಒಳಗಿನ ಗ್ರಾಮಗಳಿಗೆ ವಿದ್ಯುತ್ ಮರಳಲು ದಿನಗಳೇ ಹಿಡಿಯಬಹುದು. ಹಲವು ಮನೆಗಳಲ್ಲಿ ಇನ್ವರ್ಟರ್ ಇದ್ದರೂ ರೂಟರ್ ಅಥವಾ ಫೈಬರ್ ಪೆಟ್ಟಿಗೆಯನ್ನು ಇನ್ವರ್ಟರ್‌ಗೆ ಸೇರದ ಪ್ಲಗ್ಗಿಗೆ ಹಾಕಿರುವುದುಂಟು. ಆಗ ಕ್ಯಾಮೆರಾ ಮತ್ತು ದಾಖಲೆ ನಡೆಯುತ್ತಿದ್ದರೂ ದೃಶ್ಯ ಹೊರಗೆ ಹೋಗುವುದಿಲ್ಲ. ಕ್ಯಾಮೆರಾ, ಪೆಟ್ಟಿಗೆ, ರೂಟರ್ ಹಾಗೂ ಫೈಬರ್ ಪೆಟ್ಟಿಗೆ ಈ ನಾಲ್ಕೂ ಒಂದೇ ಇನ್ವರ್ಟರ್ ಸಾಲಿನಲ್ಲಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಇನ್ವರ್ಟರ್ ಇಲ್ಲದ ಮನೆಗಳಲ್ಲಿ ರೂಟರ್‌ಗೆಂದೇ ದೊರೆಯುವ 12 ವೋಲ್ಟ್‌ನ ಚಿಕ್ಕ ಯುಪಿಎಸ್ ಕೆಲವು ಗಂಟೆಗಳ ಕಾಲ ಸಂಪರ್ಕವನ್ನು ಉಳಿಸಬಲ್ಲದು. ಕೊಳ್ಳುವಾಗ ರೂಟರ್ ಅಡಾಪ್ಟರ್‌ನ ಮೇಲೆ ನಮೂದಿಸಿದ ವೋಲ್ಟ್ ಮತ್ತು ಆಂಪಿಯರ್ ಪ್ರಮಾಣಕ್ಕೆ ಅದು ಹೊಂದುವುದೇ ಎಂದು ನೋಡಬೇಕು.

ಮೊಬೈಲ್ ಗೋಪುರಗಳೂ ದೀರ್ಘ ವಿದ್ಯುತ್ ವ್ಯತ್ಯಯದಲ್ಲಿ ಬ್ಯಾಟರಿ ಬರಿದಾಗಿ ನಿಲ್ಲುತ್ತವೆ. ಹೀಗಾಗಿ ಮನೆಯಲ್ಲಿ ಇನ್ವರ್ಟರ್ ಇದ್ದರೂ ಸಿಮ್ ಆಧಾರಿತ ಸಂಪರ್ಕ ಇಲ್ಲವಾಗಬಹುದು. ಇಂತಹ ಸಂದರ್ಭದಲ್ಲಿ ದೂರದಿಂದ ಮಾಡಬಹುದಾದುದು ಏನೂ ಇಲ್ಲ. ಆದರೆ ಪೆಟ್ಟಿಗೆಯಲ್ಲಿ ದಾಖಲೆ ಮುಂದುವರಿಯುತ್ತಿರುತ್ತದೆ ಮತ್ತು ಸಂಪರ್ಕ ಮರಳಿದ ನಂತರ ಅದನ್ನು ನೋಡಬಹುದು.

ಮುಂಗಾರಿಗೆ ಮುನ್ನ, ಮಾರ್ಚ್‌ನಿಂದ ಮೇ ತಿಂಗಳವರೆಗಿನ ಗುಡುಗು ಮಳೆಯಲ್ಲಿ ಸಿಡಿಲಿನಿಂದ ಉಪಕರಣಗಳು ಸುಡುವುದು ಹೆಚ್ಚು. ಸಿಡಿಲು ನೇರವಾಗಿ ಮನೆಗೆ ಹೊಡೆಯಬೇಕೆಂದೇನೂ ಇಲ್ಲ. ಮನೆಯಿಂದ ಕಣಕ್ಕೆ ಅಥವಾ ಗೋದಾಮಿಗೆ ಎಳೆದ ಉದ್ದದ ತಾಮ್ರದ ತಂತಿಯಲ್ಲಿ ಸಮೀಪದ ಸಿಡಿಲು ಅತಿ ವೋಲ್ಟೇಜ್ ಉಂಟುಮಾಡಿ, ಅದರ ಎರಡೂ ತುದಿಯ ಉಪಕರಣಗಳನ್ನು ಸುಡುತ್ತದೆ. ಕೆಳಕಂಡ ಕ್ರಮಗಳನ್ನು ಅನುಸರಿಸುವುದು:

* ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ತಂತಿಯ ಬದಲು ಲೋಹದ ಕವಚವಿಲ್ಲದ ಫೈಬರ್ ತಂತಿ ಎಳೆಯುವುದು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.
* ಮನೆಯ ಭೂಸಂಪರ್ಕ, ಅಂದರೆ ಅರ್ಥಿಂಗ್, ಸರಿಯಾಗಿದೆಯೇ ಎಂದು ಅರ್ಹ ವಿದ್ಯುತ್ ಕೆಲಸಗಾರರಿಂದ ಪರೀಕ್ಷಿಸುವುದು. ಅರ್ಥಿಂಗ್ ಇಲ್ಲದ ಮನೆಯಲ್ಲಿ ಸರ್ಜ್ ರಕ್ಷಕಗಳು ಬಹುಮಟ್ಟಿಗೆ ನಿಷ್ಪ್ರಯೋಜಕ.
* ಗುಡುಗು ಆರಂಭವಾಗುವ ಮೊದಲೇ ಪ್ಲಗ್ ಹಾಗೂ ಹೊರಗಿನಿಂದ ಬರುವ ತಂತಿಗಳನ್ನು ಕಳಚುವುದು. ಗುಡುಗು ಸಿಡಿಲು ನಡೆಯುತ್ತಿರುವಾಗ ತಂತಿಗಳನ್ನು ಮುಟ್ಟಬಾರದು. ದೃಶ್ಯಕ್ಕಾಗಿ ವೃದ್ಧರನ್ನು ಆ ಹೊತ್ತಿನಲ್ಲಿ ರೂಟರ್ ಬಳಿ ಕಳುಹಿಸುವುದು ಅಪಾಯಕರ.

5. ಅಂತರಜಾಲ ಸಂಪರ್ಕದ ದೋಷಗಳು

ಫೈಬರ್ ಸಂಪರ್ಕವಿರುವ ಕಡೆಗಳಲ್ಲಿ ಕಂಬದಿಂದ ಕಂಬಕ್ಕೆ ತೂಗುವ ತಂತಿಯು ಮರ ಬಿದ್ದಾಗ ಅಥವಾ ರಸ್ತೆ ಕಾಮಗಾರಿಯ ವೇಳೆ ತುಂಡಾಗುತ್ತದೆ. ಮನೆಯೊಳಗೆ ತಂತಿಯನ್ನು ಚೂಪಾಗಿ ಮಡಚಿದರೂ ಬೆಳಕಿನ ಸಂಕೇತ ಕುಗ್ಗುತ್ತದೆ. ದೂರು ನೀಡುವಾಗ ‘ಕ್ಯಾಮೆರಾ ಕಾಣುತ್ತಿಲ್ಲ’ ಎನ್ನುವುದಕ್ಕಿಂತ ‘ಎಲ್‌ಓಎಸ್ ದೀಪ ಕೆಂಪಾಗಿದೆ’ ಎಂದು ತಿಳಿಸಿ, ದೂರಿನ ಸಂಖ್ಯೆ ಪಡೆಯುವುದು ಸೂಕ್ತ.

ಸಿಮ್ ಆಧಾರಿತ ರೂಟರ್ ಬಳಸುವವರು ಕೆಳಕಂಡವುಗಳನ್ನು ಪರಿಶೀಲಿಸತಕ್ಕದ್ದು: ಸಿಮ್‌ನ ಅವಧಿ ಮುಗಿದಿದೆಯೇ, ದಿನದ ಡೇಟಾ ಮಿತಿ ಮುಗಿದು ವೇಗ ತಗ್ಗಿದೆಯೇ, ರೂಟರ್ ಇಟ್ಟ ಸ್ಥಳದಲ್ಲಿ ಸಂಕೇತ ಎಷ್ಟಿದೆ. ತಗಡಿನ ಛಾವಣಿ ಹಾಗೂ ದಪ್ಪ ಗೋಡೆಗಳು ಸಂಕೇತವನ್ನು ಬಹಳವಾಗಿ ತಡೆಯುತ್ತವೆ. ರೂಟರನ್ನು ಗೋಪುರದ ದಿಕ್ಕಿನ ಕಿಟಕಿಯ ಬಳಿ ಇಡುವುದರಿಂದ ಅಥವಾ ಹೊರ ಆಂಟೆನಾ ಜೋಡಿಸುವುದರಿಂದ ಸ್ಥಿತಿ ಸುಧಾರಿಸುತ್ತದೆ.

ಮನೆಯಿಂದ ಕಣಕ್ಕೆ ವೈಫೈ ಮೂಲಕ ಸಂಪರ್ಕ ಕಲ್ಪಿಸಿರುವ ಕಡೆ, ನಡುವಿನ ಸಿಲ್ವರ್ ಓಕ್ ಮತ್ತಿತರ ನೆರಳು ಮರಗಳು ಅಡ್ಡಿಯಾಗುತ್ತವೆ. ಬೇಸಿಗೆಯಲ್ಲಿ ಸರಿಯಾಗಿದ್ದ ಸಂಪರ್ಕವು ಎಲೆಗಳು ಚಿಗುರಿ ಮಳೆಯಲ್ಲಿ ನೆನೆದಾಗ ಕೈಕೊಡುವುದಕ್ಕೆ ಇದೇ ಕಾರಣ. ನೀರು ರೇಡಿಯೊ ತರಂಗಗಳನ್ನು ಹೀರುತ್ತದೆ. ಆಂಟೆನಾಗಳು ಒಂದಕ್ಕೊಂದು ನೇರವಾಗಿ ಕಾಣುವಂತೆ ಎತ್ತರಿಸುವುದು ಅಥವಾ ತಂತಿ ಎಳೆಯುವುದೇ ಪರಿಹಾರ. ಸಾಮಾನ್ಯ ಜಾಲ ತಂತಿಯ ಮಿತಿ 100 ಮೀಟರ್ ಎಂಬುದನ್ನು ನೆನಪಿಡಬೇಕು. ಅದಕ್ಕೂ ದೂರವಿದ್ದಲ್ಲಿ ಫೈಬರ್ ತಂತಿ ಬೇಕಾಗುತ್ತದೆ. ಅಗ್ಗದ ಹಲವು ವೈಫೈ ಕ್ಯಾಮೆರಾಗಳು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಗುರುತಿಸುತ್ತವೆ. ಹೊಸ ರೂಟರ್ ಬಂದ ಮೇಲೆ ಕ್ಯಾಮೆರಾ ಸೇರದಿದ್ದಲ್ಲಿ ಇದನ್ನು ಮೊದಲು ನೋಡತಕ್ಕದ್ದು.

6. ವಿಳಾಸದ ತೊಡಕು

ಎಲ್ಲವೂ ಸರಿಯಿದ್ದೂ ಹೊರಗಿನಿಂದ ದೃಶ್ಯ ಸಿಗದಿರಲು ಕಾರಣ ಬಹುತೇಕ ಐಪಿ ವಿಳಾಸದ್ದಾಗಿರುತ್ತದೆ. ಹಳೆಯ ಪದ್ಧತಿಯಲ್ಲಿ ಪ್ರತಿ ಮನೆಯ ಸಂಪರ್ಕಕ್ಕೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಒಂದು ಸಾರ್ವಜನಿಕ ವಿಳಾಸ ಇರುತ್ತಿತ್ತು. ರೂಟರ್‌ನಲ್ಲಿ ಒಂದು ಪೋರ್ಟ್ ತೆರೆದರೆ ಹೊರಗಿನವರು ಆ ವಿಳಾಸದ ಮೂಲಕ ಮನೆಯ ಪೆಟ್ಟಿಗೆಗೆ ತಲುಪಬಹುದಾಗಿತ್ತು. ಏಷ್ಯಾ ಪೆಸಿಫಿಕ್ ವಲಯಕ್ಕೆ ವಿಳಾಸ ಹಂಚುವ ಎಪಿನಿಕ್ ಸಂಸ್ಥೆಯ ಬಳಿ ಐಪಿವಿ4 ವಿಳಾಸಗಳ ಸಾಮಾನ್ಯ ಸಂಗ್ರಹವು 2011ರ ಏಪ್ರಿಲ್‌ನಲ್ಲಿ ಮುಗಿಯಿತು. ವಿಳಾಸಗಳ ಕೊರತೆಯಿಂದ ಅನೇಕ ಸೇವಾದಾತರು ನೂರಾರು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇರಿಸುತ್ತಾರೆ. ಇದನ್ನು ಸಿಜಿನ್ಯಾಟ್ ಎಂದು ಕರೆಯಲಾಗುತ್ತದೆ. ಒಂದು ದೊಡ್ಡ ತೋಟದ ಎಲ್ಲ ಮನೆಗಳಿಗೂ ಒಂದೇ ಅಂಚೆ ಚೀಲ ಬಂದಂತೆ. ಹೊರಗಿನಿಂದ ಬರುವ ಅಪರಿಚಿತ ಕರೆ ಯಾವ ಮನೆಯದೆಂದು ತಿಳಿಯದೆ ಅಲ್ಲಿಯೇ ನಿಲ್ಲುತ್ತದೆ. ಇಂತಹ ಸಂಪರ್ಕದಲ್ಲಿ ಮನೆಯ ರೂಟರ್‌ನಲ್ಲಿ ಎಷ್ಟು ಪೋರ್ಟ್ ತೆರೆದರೂ ಪ್ರಯೋಜನವಿಲ್ಲ.

ಪರೀಕ್ಷಿಸುವ ವಿಧಾನ: ರೂಟರ್‌ನ ಆಡಳಿತ ಪುಟದಲ್ಲಿ ‘ವ್ಯಾನ್’ ವಿಳಾಸವನ್ನು ಬರೆದುಕೊಂಡು, ಅದೇ ವೈಫೈಯಲ್ಲಿರುವ ಮೊಬೈಲ್‌ನಿಂದ ‘ನನ್ನ ಐಪಿ ವಿಳಾಸ’ ತೋರಿಸುವ ಯಾವುದಾದರೂ ಜಾಲತಾಣ ತೆರೆದು, ಎರಡನ್ನೂ ಹೋಲಿಸುವುದು. ಫಲಿತಾಂಶವನ್ನು ಈ ಕೆಳಕಂಡಂತೆ ಅರ್ಥೈಸಿಕೊಳ್ಳಬೇಕು.

* ಎರಡೂ ಒಂದೇ ಆಗಿದ್ದಲ್ಲಿ ಮನೆಗೆ ಸಾರ್ವಜನಿಕ ವಿಳಾಸವಿದೆ.
* ವ್ಯಾನ್ ವಿಳಾಸವು 100.64ರಿಂದ 100.127ರವರೆಗಿನ ಸಂಖ್ಯೆಯಿಂದ ಆರಂಭವಾಗಿದ್ದಲ್ಲಿ ಸಂಪರ್ಕವು ಸಿಜಿನ್ಯಾಟ್‌ನ ಹಿಂದಿದೆ. 2012ರಲ್ಲಿ ಈ ಶ್ರೇಣಿಯನ್ನು ಇದೇ ಉದ್ದೇಶಕ್ಕೆ ಮೀಸಲಿಡಲಾಯಿತು. 10 ಎಂದು ಆರಂಭವಾಗಿದ್ದರೂ ಸಾಮಾನ್ಯವಾಗಿ ಇದೇ ಅರ್ಥ.
* ವ್ಯಾನ್ ವಿಳಾಸವು 192.168 ಎಂದು ಆರಂಭವಾಗಿದ್ದಲ್ಲಿ ಮನೆಯಲ್ಲಿಯೇ ಎರಡು ರೂಟರ್‌ಗಳು ಒಂದರ ಹಿಂದೊಂದು ಇರುವ ಸಂಭವ ಹೆಚ್ಚು. ಸೇವಾದಾತರ ಪೆಟ್ಟಿಗೆಯನ್ನು ‘ಬ್ರಿಡ್ಜ್’ ವಿಧಾನಕ್ಕೆ ಬದಲಾಯಿಸಲು ಕೋರಬಹುದು.

ಪರಿಹಾರಗಳು: (ಅ) ತಯಾರಕರ ಪೀರ್ ಟು ಪೀರ್ ಅಥವಾ ಕ್ಲೌಡ್ ಸೇವೆ. ಇದರಲ್ಲಿ ಪೆಟ್ಟಿಗೆಯೇ ಹೊರಗಿನ ಸರ್ವರ್‌ಗೆ ಸಂಪರ್ಕ ಬೆಳೆಸುವುದರಿಂದ ಸಾರ್ವಜನಿಕ ವಿಳಾಸವಾಗಲಿ ಪೋರ್ಟ್ ತೆರೆಯುವುದಾಗಲಿ ಬೇಕಿಲ್ಲ. ಸಾಮಾನ್ಯ ಕುಟುಂಬಕ್ಕೆ ಇದು ಸುಲಭ ಮಾರ್ಗ. (ಆ) ವಿಪಿಎನ್. ವೀಕ್ಷಕರ ಮೊಬೈಲ್ ಗುಪ್ತ ಲಿಪಿಯ ಸುರಂಗದ ಮೂಲಕ ಮನೆಯ ಜಾಲವನ್ನು ಸೇರುತ್ತದೆ. ಸಿಜಿನ್ಯಾಟ್‌ನ ಹಿಂದೆಯೂ ನಡೆಯುವಂತಹ ವಿಪಿಎನ್ ಸೇವೆಗಳಿವೆ. ತಾಂತ್ರಿಕ ಜ್ಞಾನವುಳ್ಳವರಿಗೆ ಇದು ಹೆಚ್ಚು ಸುರಕ್ಷಿತ. (ಇ) ಸೇವಾದಾತರಿಂದ ಶುಲ್ಕ ತೆತ್ತು ಸ್ಥಿರ ಸಾರ್ವಜನಿಕ ವಿಳಾಸ ಪಡೆಯುವುದು. ಇದನ್ನು ಪಡೆದರೂ ಕ್ಯಾಮೆರಾ ಪೋರ್ಟನ್ನು ನೇರವಾಗಿ ತೆರೆಯದೆ ವಿಪಿಎನ್‌ಗೆ ಮಾತ್ರ ಬಳಸುವುದು ಸೂಕ್ತ.

ರೂಟರ್ ಬದಲಾದ ನಂತರ ದೃಶ್ಯ ನಿಂತಿದ್ದಲ್ಲಿ: ಹಳೆಯ ರೂಟರ್ 192.168.1.1 ವಿಳಾಸದಲ್ಲಿದ್ದು, ಪೆಟ್ಟಿಗೆಗೆ 192.168.1.100 ಎಂದು ಸ್ಥಿರ ವಿಳಾಸ ನೀಡಿದ್ದರೆ, 192.168.0.1 ವಿಳಾಸದ ಹೊಸ ರೂಟರನ್ನು ಅದು ಗುರುತಿಸುವುದಿಲ್ಲ. ಪೆಟ್ಟಿಗೆಯ ಜಾಲ ಹೊಂದಾಣಿಕೆಯಲ್ಲಿ ‘ಡಿಎಚ್‌ಸಿಪಿ’ಯನ್ನು ಚಾಲನೆಗೊಳಿಸಿದರೆ ವಿಳಾಸ, ಗೇಟ್‌ವೇ ಹಾಗೂ ಡಿಎನ್‌ಎಸ್ ಮೂರೂ ತಾವಾಗಿಯೇ ಹೊಂದಿಕೊಳ್ಳುತ್ತವೆ. ಡಿಎನ್‌ಎಸ್ ಜಾಗದಲ್ಲಿ 0.0.0.0 ಎಂದಿದ್ದಲ್ಲಿ ಪೆಟ್ಟಿಗೆಯು ತಯಾರಕರ ಸರ್ವರನ್ನು ಹುಡುಕಲಾರದೆ ‘ಆಫ್‌ಲೈನ್’ ಆಗಿಯೇ ಉಳಿಯುತ್ತದೆ.

7. ದೃಶ್ಯವು ನಿಧಾನವಾಗಿ ಅಥವಾ ತುಂಡಾಗಿ ಬರುವುದು

ದೂರವೀಕ್ಷಣೆಯಲ್ಲಿ ಮುಖ್ಯವಾದುದು ಮನೆಯಿಂದ ಹೊರಕ್ಕೆ ಸಾಗುವ ಅಪ್‌ಲೋಡ್ ವೇಗ. ಸಿಮ್ ಆಧಾರಿತ ಸಂಪರ್ಕಗಳಲ್ಲಿ ಇದು ಡೌನ್‌ಲೋಡ್ ವೇಗಕ್ಕಿಂತ ಬಹಳ ಕಡಿಮೆ ಇರುತ್ತದೆ. ಕ್ಯಾಮೆರಾಗಳು ಸಾಮಾನ್ಯವಾಗಿ ಎರಡು ಧಾರೆಗಳನ್ನು ಸಿದ್ಧಪಡಿಸುತ್ತವೆ: ದಾಖಲೆಗಾಗಿ ಸ್ಪಷ್ಟವಾದ ‘ಮುಖ್ಯ ಧಾರೆ’, ದೂರವೀಕ್ಷಣೆಗಾಗಿ ಹಗುರವಾದ ‘ಉಪ ಧಾರೆ’. ಇವುಗಳ ವ್ಯತ್ಯಾಸವನ್ನು ಕೆಳಗಿನ ಲೆಕ್ಕದಿಂದ ತಿಳಿಯಬಹುದು.

ಮುಖ್ಯ ಧಾರೆ, ಸೆಕೆಂಡಿಗೆ 4 ಮೆಗಾಬಿಟ್: ಗಂಟೆಗೆ 1,800 ಮೆಗಾಬೈಟ್. ದಿನಕ್ಕೆ 1.5 ಗಿಗಾಬೈಟ್ ಮಿತಿಯ ಸಿಮ್ 50 ನಿಮಿಷಗಳಲ್ಲಿ ಬರಿದಾಗುತ್ತದೆ.
ಉಪ ಧಾರೆ, ಸೆಕೆಂಡಿಗೆ 512 ಕಿಲೋಬಿಟ್: ಗಂಟೆಗೆ ಸುಮಾರು 230 ಮೆಗಾಬೈಟ್. ಅದೇ ಸಿಮ್ ಸುಮಾರು ಆರೂವರೆ ಗಂಟೆ ಬರುತ್ತದೆ.

ಆದುದರಿಂದ ಆ್ಯಪ್‌ನಲ್ಲಿ ಉಪ ಧಾರೆಯನ್ನೇ ಆಯ್ಕೆ ಮಾಡಿ, ಒಮ್ಮೆಗೆ ಒಂದೇ ಕ್ಯಾಮೆರಾ ನೋಡುವುದು, ನೋಡಿದ ನಂತರ ಆ್ಯಪ್ ಮುಚ್ಚುವುದು ಉತ್ತಮ. ಮನೆಯ ಮಕ್ಕಳು ಬೇರೆ ಬೇರೆ ಊರುಗಳಿಂದ ಏಕಕಾಲದಲ್ಲಿ ನೋಡಿದರೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಧಾರೆ ಸಾಗಬೇಕಾಗಿ ಎಲ್ಲರಿಗೂ ಚಿತ್ರ ತುಂಡಾಗಬಹುದು. ಎಚ್.265 ಪದ್ಧತಿಯ ಸಂಕೋಚನವು ಹಳೆಯ ಎಚ್.264ಕ್ಕಿಂತ ಸರಿಸುಮಾರು ಅರ್ಧದಷ್ಟು ಡೇಟಾದಲ್ಲಿ ಅದೇ ಗುಣಮಟ್ಟ ನೀಡುತ್ತದೆ. ಆದರೆ ಕೆಲವು ಹಳೆಯ ಮೊಬೈಲ್‌ಗಳಲ್ಲಿ ಇದರಿಂದ ಪರದೆ ಕಪ್ಪಾಗಿ ಕಾಣಬಹುದು.

8. ಕ್ಯಾಮೆರಾ ಮತ್ತು ದಾಖಲೆ ಪೆಟ್ಟಿಗೆಯ ದೋಷಗಳು

ರಾತ್ರಿ ಚಿತ್ರ ಬೆಳ್ಳಗಾಗಿ ಕಾಣುವುದು: ಕ್ಯಾಮೆರಾದ ಅವರಕ್ತ ಬೆಳಕು ಮಂಜು, ಮಳೆಹನಿ ಅಥವಾ ಲೆನ್ಸ್ ಮುಂದಿನ ಜೇಡರಬಲೆಗೆ ತಾಗಿ ಹಿಂದಿರುಗುವುದೇ ಕಾರಣ. ಲೆನ್ಸ್‌ನ ಸುತ್ತ ವಾರಕ್ಕೊಮ್ಮೆ ಒಣ ಮೃದು ಬಟ್ಟೆಯಿಂದ ಒರೆಸುವುದು, ಕ್ಯಾಮೆರಾವನ್ನು ಸೂರಿನ ಒಳಭಾಗಕ್ಕೆ ಸರಿಸುವುದು, ಅಂಗಳದಲ್ಲಿ ಕ್ಯಾಮೆರಾದಿಂದ ದೂರವಾಗಿ ಪ್ರತ್ಯೇಕ ದೀಪ ಹಾಕುವುದು ಪರಿಹಾರಗಳು.

ಚಿತ್ರ ಮಸುಕಾಗುವುದು, ಕ್ಯಾಮೆರಾ ಆಗಾಗ್ಗೆ ನಿಲ್ಲುವುದು: ಮಳೆಗಾಲದ ತೇವವು ತಂತಿಯ ಜೋಡಣೆಗಳಿಗೆ ಇಳಿದು ಹಸಿರು ಕಿಲುಬು ಹಿಡಿಯುತ್ತದೆ. ಜೋಡಣೆಗಳನ್ನು ನೀರು ನುಗ್ಗದ ಪೆಟ್ಟಿಗೆಯೊಳಗಿಟ್ಟು, ಒಳಬರುವ ತಂತಿಯನ್ನು ಕೆಳಮುಖವಾಗಿ ಬಾಗಿಸಿದರೆ ನೀರು ತಂತಿಗುಂಟ ಒಳಗಿಳಿಯುವುದಿಲ್ಲ. ಈ ಕೆಲಸವನ್ನು ಮೇ ತಿಂಗಳೊಳಗೆ ಮುಗಿಸತಕ್ಕದ್ದು.

ದಿನಾಂಕ ತಪ್ಪಾಗಿರುವುದು: ಪೆಟ್ಟಿಗೆಯೊಳಗಿನ ನಾಣ್ಯದಾಕಾರದ ಬ್ಯಾಟರಿ ಮುಗಿದಲ್ಲಿ ಪ್ರತಿ ವಿದ್ಯುತ್ ವ್ಯತ್ಯಯದ ನಂತರ ದಿನಾಂಕವು ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತದೆ. ಆಗ ಬೇಕಾದ ರಾತ್ರಿಯ ದಾಖಲೆ ಹುಡುಕಿದರೂ ದೊರೆಯುವುದಿಲ್ಲ. ಬ್ಯಾಟರಿ ಬದಲಾಯಿಸಿ, ಸಮಯ ವಲಯವನ್ನು ಭಾರತೀಯ ಕಾಲಮಾನಕ್ಕೆ, ಅಂದರೆ +5:30ಕ್ಕೆ ಇರಿಸಿ, ಅಂತರಜಾಲದಿಂದ ಸಮಯ ಪಡೆಯುವ ‘ಎನ್‌ಟಿಪಿ’ಯನ್ನು ಚಾಲನೆಗೊಳಿಸಬೇಕು.

ಹಳೆಯ ದಾಖಲೆ ಇಲ್ಲದಿರುವುದು: ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಸತತವಾಗಿ ದಾಖಲಿಸುವ ನಾಲ್ಕು ಕ್ಯಾಮೆರಾಗಳಿಗೆ ದಿನಕ್ಕೆ ಸುಮಾರು 86 ಗಿಗಾಬೈಟ್ ಬೇಕು. 1 ಟೆರಾಬೈಟ್ ಡಿಸ್ಕ್ ಸುಮಾರು 11 ದಿನಗಳಲ್ಲಿ ತುಂಬಿ, ಹಳೆಯದರ ಮೇಲೆ ಹೊಸದು ಬರೆಯಲ್ಪಡುತ್ತದೆ. ಕಳವು ಗಮನಕ್ಕೆ ಬಂದ ಕೂಡಲೇ ಸಂಬಂಧಿಸಿದ ಭಾಗವನ್ನು ಪೆನ್ ಡ್ರೈವ್‌ಗೆ ಪ್ರತಿ ಮಾಡಿಕೊಳ್ಳತಕ್ಕದ್ದು.

9. ಭದ್ರತೆ

ದೂರದಿಂದ ಮನೆಯವರು ನೋಡಬಹುದಾದ ಕ್ಯಾಮೆರಾವನ್ನು ಅಜಾಗರೂಕತೆಯಿಂದ ಅನ್ಯರೂ ನೋಡಬಹುದು. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶವು ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ಡಿವಿಆರ್ ಹಾಗೂ ರೂಟರ್‌ಗಳನ್ನು ಜಗತ್ತಿನಾದ್ಯಂತ ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅವುಗಳ ಮೂಲಕವೇ ‘ಡಿನ್’ ಸಂಸ್ಥೆಯ ಮೇಲೆ ದಾಳಿ ನಡೆದು ಹಲವು ಪ್ರಮುಖ ಜಾಲತಾಣಗಳು ಗಂಟೆಗಳ ಕಾಲ ಸ್ಥಗಿತಗೊಂಡವು. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾ ದೃಶ್ಯಗಳು ಸೋರಿಕೆಯಾಗಿ ಅಂತರಜಾಲದಲ್ಲಿ ಮಾರಾಟಕ್ಕಿಡಲ್ಪಟ್ಟವು. ಒಂಟಿ ಮನೆಯ ಮಟ್ಟಿಗೆ ಅಪಾಯ ಇನ್ನೂ ನೇರವಾದುದು: ಮನೆಯಲ್ಲಿ ಎಷ್ಟು ಜನರಿದ್ದಾರೆ, ಯಾವಾಗ ಯಾರೂ ಇರುವುದಿಲ್ಲ ಎಂಬುದು ಅಪರಿಚಿತರಿಗೆ ತಿಳಿಯುತ್ತದೆ. ಆದ್ದರಿಂದ:

* ಕಾರ್ಖಾನೆಯ ಪಾಸ್‌ವರ್ಡನ್ನು ಅಳವಡಿಸಿದ ದಿನವೇ ಬದಲಾಯಿಸತಕ್ಕದ್ದು. ಮನೆಯ ಹೆಸರು, ದೂರವಾಣಿ ಸಂಖ್ಯೆಗಳನ್ನು ಪಾಸ್‌ವರ್ಡ್ ಆಗಿ ಬಳಸಬಾರದು.
* ಆ್ಯಪ್ ಖಾತೆಯು ಮನೆಯ ಮಾಲೀಕರ ಮೊಬೈಲ್ ಸಂಖ್ಯೆಯಲ್ಲಿಯೇ ಇರಬೇಕು. ಅಳವಡಿಸಿದವರ ಖಾತೆಯಲ್ಲಿ ಉಳಿದಲ್ಲಿ ಅವರು ಎಂದಿಗೂ ದೃಶ್ಯ ನೋಡಬಲ್ಲರು. ಮಾಲೀಕರು ಹೊಸ ಮೊಬೈಲ್‌ನಲ್ಲಿ ಸೇರಿಸಲೆತ್ನಿಸಿದಾಗ ‘ಬೇರೆ ಖಾತೆಗೆ ಸೇರಿದೆ’ ಎಂಬ ಅಡ್ಡಿಯೂ ಎದುರಾಗುತ್ತದೆ.
* ರೂಟರ್‌ನಲ್ಲಿ ‘ಯುಪಿಎನ್‌ಪಿ’ ನಿಲ್ಲಿಸುವುದು. ಹಿಂದೆ ತೆರೆದ 80, 554 ಮುಂತಾದ ಪೋರ್ಟ್‌ಗಳನ್ನು ಮುಚ್ಚುವುದು.
* ತಂತ್ರಾಂಶದ ನವೀಕರಣವನ್ನು ಕಾಲಕಾಲಕ್ಕೆ, ವಿದ್ಯುತ್ ಸ್ಥಿರವಾಗಿರುವ ಸಮಯದಲ್ಲಿ ಮಾಡುವುದು.
* ಕುಟುಂಬದ ಇತರರಿಗೆ ‘ವೀಕ್ಷಣೆ ಮಾತ್ರ’ ಅಧಿಕಾರ ನೀಡುವುದು. ಕೆಲಸ ಬಿಟ್ಟುಹೋದವರ ಪ್ರವೇಶವನ್ನು ಕೂಡಲೇ ರದ್ದುಪಡಿಸುವುದು.

ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯನ್ವಯ ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಭದ್ರತಾ ಪರೀಕ್ಷೆಯು ಕಡ್ಡಾಯವಾಗಿದ್ದು, ಇದು 2025ರ ಏಪ್ರಿಲ್ 9ರಿಂದ ಜಾರಿಗೆ ಬಂದಿದೆ. ಹೊಸದಾಗಿ ಕೊಳ್ಳುವವರು ಬಿಲ್ಲು ಪಡೆದು, ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು ಇರುವ ಕ್ಯಾಮೆರಾವನ್ನೇ ಆರಿಸತಕ್ಕದ್ದು.

10. ಖಾಸಗಿತನ ಮತ್ತು ಕಾನೂನು

ಕ್ಯಾಮೆರಾವು ಸ್ವಂತ ಮನೆ, ಅಂಗಳ, ಕಣ ಮತ್ತು ಗೇಟಿಗೆ ಸೀಮಿತವಾಗಿರತಕ್ಕದ್ದು. ಕಾರ್ಮಿಕರ ಲೈನ್ ಮನೆಗಳ ಬಾಗಿಲು, ಸ್ನಾನಗೃಹ, ನೆರೆಯವರ ಅಂಗಳದತ್ತ ಮುಖ ಮಾಡಬಾರದು. ವ್ಯಕ್ತಿಯ ಒಪ್ಪಿಗೆಯಿಲ್ಲದೆ ಗುಪ್ತಾಂಗಗಳ ಚಿತ್ರವನ್ನು ಸೆರೆಹಿಡಿಯುವುದು ಅಥವಾ ಹಂಚುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಕಲಂ 66ಇ ಅನ್ವಯ ಮೂರು ವರ್ಷಗಳವರೆಗೆ ಕಾರಾವಾಸ ಅಥವಾ ಎರಡು ಲಕ್ಷ ರೂಪಾಯಿ ಮೀರದ ದಂಡ ಅಥವಾ ಎರಡರಿಂದಲೂ ಶಿಕ್ಷಾರ್ಹ. ವಾಸದ ಮನೆಯೊಳಗೆ ಸಹನಿವಾಸಿಗಳ ಒಪ್ಪಿಗೆಯಿಲ್ಲದೆ ಕ್ಯಾಮೆರಾ ನಡೆಸುವಂತಿಲ್ಲವೆಂದು ಕಲ್ಕತ್ತ ಉಚ್ಚ ನ್ಯಾಯಾಲಯವು ಪ್ರಕರಣವೊಂದರಲ್ಲಿ 2025ರಲ್ಲಿ ತೀರ್ಪಿತ್ತಿದ್ದು, ಸರ್ವೋಚ್ಚ ನ್ಯಾಯಾಲಯವು ಅದರಲ್ಲಿ ಮಧ್ಯಪ್ರವೇಶಿಸಲಿಲ್ಲ. ವೃದ್ಧ ತಂದೆ ತಾಯಿಯರ ಸುರಕ್ಷತೆಗಾಗಿ ಮನೆಯೊಳಗೆ ಕ್ಯಾಮೆರಾ ಇಡುವಾಗಲೂ ಅವರಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದು, ಅವರು ಬೇಡವೆಂದ ಕೋಣೆಯನ್ನು ಬಿಡುವುದು ಕರ್ತವ್ಯವಾಗಿರುತ್ತದೆ.

ಕಳವಿನ ಪ್ರಕರಣದಲ್ಲಿ ದೃಶ್ಯವನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ. ಮೊಬೈಲ್ ಪರದೆಯಿಂದ ಮರುಚಿತ್ರಿಸಿದ ತುಣುಕಿಗಿಂತ ಪೆಟ್ಟಿಗೆಯ ಮೂಲ ದಾಖಲೆಗೆ ಬೆಲೆ ಹೆಚ್ಚು. ಆದುದರಿಂದ ಪೊಲೀಸರು ಬರುವವರೆಗೆ ಡಿಸ್ಕನ್ನು ಅಳಿಸುವುದಾಗಲಿ ಪೆಟ್ಟಿಗೆಯನ್ನು ದುರಸ್ತಿಗೆ ಕಳುಹಿಸುವುದಾಗಲಿ ಮಾಡಬಾರದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮನೆಯ ವೈಫೈಯಲ್ಲಿ ದೃಶ್ಯ ಕಾಣುತ್ತದೆ, ಬೆಂಗಳೂರಿನಲ್ಲಿ ಕಾಣುವುದಿಲ್ಲ. ಏಕೆ?
ಉತ್ತರ: ಮನೆಯೊಳಗೆ ಆ್ಯಪ್ ನೇರವಾಗಿ ಪೆಟ್ಟಿಗೆಯನ್ನು ತಲುಪುತ್ತದೆ. ಅದರಿಂದ ದೂರವೀಕ್ಷಣೆ ಸರಿಯಿದೆಯೆಂದು ತೀರ್ಮಾನಿಸಲಾಗದು. ಅಳವಡಿಸಿದವರು ಹೊರಡುವ ಮೊದಲೇ ಮೊಬೈಲ್‌ನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ದೃಶ್ಯ ಬರುತ್ತದೆಯೇ ಎಂದು ಪರೀಕ್ಷಿಸತಕ್ಕದ್ದು.

ಪ್ರಶ್ನೆ: ದಿನವಿಡೀ ‘ಚಲನೆ’ಯ ಎಚ್ಚರಿಕೆಗಳು ಬರುತ್ತಿವೆ. ನಿಲ್ಲಿಸಬಹುದೇ?
ಉತ್ತರ: ಗಾಳಿಗೆ ಅಲುಗುವ ಗಿಡ, ಮಳೆ ಮತ್ತು ಕೀಟಗಳು ಕಾರಣ. ಎಚ್ಚರಿಕೆಯನ್ನು ಸಂಪೂರ್ಣ ನಿಲ್ಲಿಸದೆ, ಗೇಟು ಮತ್ತು ಕಣದ ಭಾಗವನ್ನು ಮಾತ್ರ ಗುರುತಿಸಿ, ರಾತ್ರಿ ಅವಧಿಗೆ ಸೀಮಿತಗೊಳಿಸಬಹುದು.

ಪ್ರಶ್ನೆ: ಅಂಗಳಕ್ಕೆ ಕಾಡಾನೆ ಬಂದಿರುವುದನ್ನು ಕ್ಯಾಮೆರಾದಿಂದ ತಿಳಿಯಬಹುದೇ?
ಉತ್ತರ: ಕಂಡಲ್ಲಿ ಮನೆಯವರಿಗೆ ಹೊರಬಾರದಂತೆ ಕರೆ ಮಾಡಿ, ಅರಣ್ಯ ಇಲಾಖೆಗೆ ತಿಳಿಸಬೇಕು. ಆದರೆ ದೃಶ್ಯವು ಹಲವು ಸೆಕೆಂಡುಗಳಷ್ಟು ತಡವಾಗಿ ಬರುತ್ತದೆ ಮತ್ತು ಮಂಜಿನಲ್ಲಿ ಆನೆಯೂ ಕಾಣದೇ ಇರಬಹುದು. ಕ್ಯಾಮೆರಾದಲ್ಲಿ ಏನೂ ಕಾಣುತ್ತಿಲ್ಲವೆಂಬ ಕಾರಣಕ್ಕೆ ಯಾರನ್ನೂ ಕತ್ತಲಲ್ಲಿ ಹೊರಗೆ ಕಳುಹಿಸಬಾರದು.

ಪ್ರಶ್ನೆ: ದೃಶ್ಯವೂ ಇಲ್ಲ, ಮನೆಯವರು ದೂರವಾಣಿಯನ್ನೂ ಎತ್ತುತ್ತಿಲ್ಲ. ಏನು ಮಾಡಬೇಕು?
ಉತ್ತರ: ಇಂತಹ ಸಂದರ್ಭಕ್ಕೆಂದು ಸಮೀಪದ ಎರಡು ಮನೆಗಳವರ ಹಾಗೂ ತೋಟದಲ್ಲಿ ವಾಸವಿರುವ ಒಬ್ಬರ ದೂರವಾಣಿ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು. ಅವರಲ್ಲಿ ಒಬ್ಬರು ಬೇರೆ ಕಂಪನಿಯ ಸಿಮ್ ಬಳಸುವವರಾಗಿದ್ದರೆ ಉತ್ತಮ. ಅವರಿಂದಲೂ ಮಾಹಿತಿ ದೊರೆಯದೆ ಅಪಾಯದ ಶಂಕೆಯಿದ್ದಲ್ಲಿ ಸಂಬಂಧಿಸಿದ ಪೊಲೀಸ್ ಠಾಣೆಯನ್ನು ಸಂಪರ್ಕಿಸತಕ್ಕದ್ದು.

12. ಅಗತ್ಯ ದೂರವಾಣಿ ಸಂಖ್ಯೆಗಳು

ತುರ್ತು ಸೇವೆ (ಪೊಲೀಸ್, ಅಗ್ನಿಶಾಮಕ, ಆಂಬ್ಯುಲೆನ್ಸ್): 112
ವಿದ್ಯುತ್ ದೂರು (ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ): 1912
ಅರಣ್ಯ ಇಲಾಖೆ ಸಹಾಯವಾಣಿ: 1926
ಸೈಬರ್ ಅಪರಾಧ ಸಹಾಯವಾಣಿ: 1930

ಕ್ಯಾಮೆರಾವನ್ನು ಅನ್ಯರು ನೋಡುತ್ತಿರುವ ಶಂಕೆಯಿದ್ದಲ್ಲಿ ಮೊದಲು ರೂಟರ್‌ನಿಂದ ಪೆಟ್ಟಿಗೆಯ ಜಾಲ ತಂತಿಯನ್ನು ಕಳಚಿ, ನಂತರ ಸಮೀಪದ ಪೊಲೀಸ್ ಠಾಣೆಯಲ್ಲಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸುವುದು. ಪಾಸ್‌ವರ್ಡ್ ಬದಲಾಯಿಸಿ, ತೆರೆದ ಪೋರ್ಟ್‌ಗಳನ್ನು ಮುಚ್ಚಿದ ನಂತರವೇ ತಂತಿಯನ್ನು ಮರಳಿ ಜೋಡಿಸತಕ್ಕದ್ದು.